ಎರಡಕ್ಷರ

ಅಣ್ಣಿಗೇರಿ ಕಡಲಿ ಚೀಲ ಬಿಚ್ಚಿ ಮೊರದಾಗ ಕೇರತಿದ್ದೆ.
ಹೊಟ್ಟು ಹಾರಿತು, ಹಳ್ಳು ಉಳದವು.
ಒಂದು ಪುಕ್ಕ ಮಾತ್ರ
ಹಾರಲೂ ಇಲ್ಲ, ಬೀಳಲೂ ಇಲ್ಲ,
ಮೊರದ ಅಂಚಿಗೆ ಅಂಟಿಕೊಂಡು ನಡಗಿತು.
ಕಂದು ಮೈ, ನಡುವ ಬಿಳಿ ಗೀರು. ಬುರ್ಲಿದು.
ಬುಡಕ್ಕ ಒಣಗಿದ್ದೊಂದು ಹನಿ.

ಚೀಲ ತಂದ ಹಜರೇಸಾಬ ಇನ್ನೂ ಕಟ್ಟಿ ಮ್ಯಾಲ ಕುಂತಿದ್ದ.
"ಮಶೀನಿಗೆ ಕಣ್ಣಿಲ್ಲ ಅಕ್ಕಾರ.
ನನಗ ಅದಾವ, ಆದ್ರ ತಾಸಿನ ಲೆಕ್ಕ."
ಮಜ್ಜಿಗಿ ಕುಡದ. ಮತ್ತ ತಾನಽ ಹೇಳಿದ:
"ತತ್ತಿ ಮ್ಯಾಲ ಕುಂತದ್ದು ಎದ್ದು ಹೋಗಂಗಿಲ್ಲ ನೋಡ್ರಿ,
ಅದಽ ಅದರ ತಪ್ಪು."

ಇಪ್ಪತ್ತೆರಡು ವರ್ಷ ಆತು,
ಗದಗ ಸ್ಟೇಶನ್ ರೋಡಿನ ಈ ಬಾಗಲ ಮ್ಯಾಲ
ಹಸರು ಬಣ್ಣದಾಗ ಬರಸೀನಿ:
ಶುದ್ಧ ಶಾಕಾಹಾರಿ ಖಾನಾವಳಿ.
ಯಾವತ್ತೂ ಎಲಬು ಸಿಕ್ಕಿಲ್ಲ ನನ್ನ ಗಂಟಲಕ್ಕ.
ಇವತ್ತು ಪುಕ್ಕ.

ಬೆಟಗೇರಿ ದ್ಯಾಮವ್ವ ಹಾಲು ಹಾಕತಾಳ.
ಎಮ್ಮಿ ಈದೈತಿ, ಕೋಣಗರ, ಅಂದಿದ್ದಳು ಶ್ರಾವಣದಾಗ.
"ಚಲೋ ಆತಲ್ಲ" ಅಂದೆ. ಆಕಿ ನಗಲಿಲ್ಲ.
ಎಂಟನೇ ದಿನಕ್ಕ ಎರಡು ಲೀಟರ್ ಹೆಚ್ಚು ಬಂತು,
ಮೊಸರು ಗಟ್ಟಿ ಕುಂತಿತು, ಗಿರಾಕಿ ಹೊಗಳಿದರು.
ಕರ ಎಲ್ಲೆ ಅಂತ ಕೇಳಲಿಲ್ಲ ನಾ.
ಅರಿವಿ ಹಿಡದು ಹಾಲು ಸೋಸಿದೆ.

ಮೈದುನ ಈರಬಸಪ್ಪ, ಹುಬ್ಬಳ್ಳಿಗೆ ಹೋದಾಗಷ್ಟ ಖಂಡ ತಿನ್ನಾಂವ,
ಪುಕ್ಕ ನೋಡಿ ಹಿಗ್ಗಿದ:
"ಹಂಗಾದ್ರ ವೈನಿ, ನಿಮ್ಮ ಗಂಗಾಳ ನಮ್ಮ ಗಂಗಾಳ ಒಂದಽ!"

ಒಂದಲ್ಲೋ.
ನೀ ತಿನ್ನೂ ಕೋಳಿ ಗಾಳಿ ಕುಡದು ಬೆಳದಿದ್ದಿಲ್ಲ,
ಗೋವಿನಜೋಳ ತಿಂದಿತ್ತು.
ಆ ಹೊಲದಾಗೂ ಬುರ್ಲಿ ಇದ್ದವು,
ನಿನ್ನ ಲೆಕ್ಕಕ್ಕ ಅವೂ ಬಂದು ಕೂಡತಾವ.
ಕಡಿಮಿ ಅನ್ನೂದು ಸುಳ್ಳಲ್ಲ.
ಇಲ್ಲಽ ಇಲ್ಲ ಅನ್ನೂದು ಸುಳ್ಳು.
ಅಂದೆ. ಅಂದ ಮ್ಯಾಲೂ ಕೈ ಮೊರ ಬಿಡಲಿಲ್ಲ,
ನಾಳಿನ ಐವತ್ತು ಊಟಕ್ಕ ಕಡಲಿ ನೆನಿ ಹಾಕಬೇಕಿತ್ತು.

ಯುಗಾದಿಗೆ ಬೋರ್ಡು ಹೊಸಾದು ಮಾಡಾಕ
ಪೇಂಟರ್ ಹನಮೇಶಿ ಬಂದ.
ಅಕ್ಷರಕ್ಕ ಇಷ್ಟು ಅಂತ ಅವನ ದರ.
"ಮೊದಲಿನೆರಡು ಬಿಡು" ಅಂದೆ.
"ರೊಕ್ಕ ಉಳಸಾಕೇನ್ರಿ?"
"ಹೂಂ."
ಬಿಳಿ ಬಳದ. ಬಿಸಲು ಬಿದ್ದಾಗ
ಒಳಗಿಂದ ಹಳೇ ಹಸರು ಇನ್ನೂ ಇಣಿಕತೈತಿ.

ಮರುದಿನದ ಮೊದಲ ಗಿರಾಕಿ, ರೋಣ ಬಸ್ಸಿನ ಕಂಡಕ್ಟರ್,
ಚಪ್ಪಲಿ ಬಿಡತ ಬಿಡತ ಮ್ಯಾಲ ನೋಡಿ ಕೇಳಿದ:
"ಏನ್ ಅಕ್ಕಾರ, ಇವತ್ತಿಂದ ತತ್ತಿ ಸಿಗತಾವೇನ್ರಿ?"

ಇಲ್ಲಪ.
ಕಡಲಿ ಉಸುಳಿ ಐತಿ.
ಬಡಸಲೇನು?