ಕಿತ್ತಳೆ ಚುಕ್ಕೆ

ಬೆಳಗಿನ ಐದೂ ಇಪ್ಪತ್ತು. ಸಿದ್ದಾಪುರ.
ಆನೆ ಕಾವಲಿನ ತಂಡಕ್ಕೆ ಇಲಾಖೆ ಕೊಟ್ಟ ಕೋಣೆ,
ಒಂದು ಹೀಟರು, ಎರಡು ಕಡ್ಡಿಯಲ್ಲಿ ಒಂದೇ ಕೆಂಪಾಗುವಂಥದ್ದು,
ಮತ್ತು ಈ ಲ್ಯಾಪ್‌ಟಾಪು.

ಫೋನಿನಲ್ಲಿ ಚಾತಣ್ಣನ ಪಿಸುಮಾತು:
"ಐದು ಉಂಟು. ಒಂದು ಮರಿ. ರಸ್ತೆ ದಾಟ್ಲಿಲ್ಲ ಇನ್ನೂ,
ರೋಬಸ್ಟಾ ಒಳಗೆ ನಿಂತು ಬೈನೆ ಮುರೀತಿವೆ.
ಸುದ್ದಿ ಹಾಕಮ್ಮ."

ಆರೂವರೆಗೆ ಜೀಪು ಹೊರಡುತ್ತದೆ ಲೈನ್ ಮನೆಗಳಿಂದ
ಹಣ್ಣು ಕೊಯ್ಯುವವರನ್ನು ತುಂಬಿಕೊಂಡು.
ಪಟ್ಟಿಯಲ್ಲಿ ಇನ್ನೂರ ಹದಿನೇಳು ನಂಬರು.
ಬೆರಳಿಟ್ಟೆ.
ಬಾಣ ಅಲುಗಲಿಲ್ಲ.

ಪರದೆಯ ನಟ್ಟನಡುವೆ ನಿಂತಿತ್ತು,
ಮಾಲ್ದಾರೆ ರಸ್ತೆಗೆ ಅಡ್ಡವಾದ ಒಂಟಿ ಸಲಗ.
ಹಾರನ್ ಹೊಡೆಯಬೇಡಿ, ಲೈಟು ಬಿಡಬೇಡಿ,
ಎಂಜಿನ್ ಆರಿಸಿ ಸುಮ್ಮನೆ ಕೂತಿರಿ
ಎಂದು ಶಾಲೆ ಶಾಲೆಗೆ ಹೋಗಿ ಹೇಳುವವಳು ನಾನೇ.
ಆದರೂ ಉಜ್ಜಿದೆ. ಒಂದು ಬೆರಳಲ್ಲಿ, ಎರಡರಲ್ಲಿ,
ಹಬೆ ಊದಿ, ಶಾಲಿನ ಅಂಚಿನಿಂದ ಒರೆಸಿ,
ಚಳಿಗೆ ನನ್ನ ಬೆರಳೇ ಸತ್ತಿದೆಯೇನೋ ಎಂದು
ಹೀಟರಿಗೆ ಹಿಡಿದು, ಕಾಯಿಸಿ, ಮತ್ತೆ.
ಇಲ್ಲ.

ಕೊನೆಗೆ ಪಾಠದಲ್ಲಿದ್ದಂತೆ ಆರಿಸಿದೆ, ಕೂತೆ.
ಇಲಾಖೆಯ ಯಂತ್ರ ಮೈಮುರಿದು ಏಳುವುದಕ್ಕೆ ನಾಲ್ಕು ನಿಮಿಷ.
ಎದ್ದಿತು.
ಬಾಣ ಅಲ್ಲೇ.

ನೆಲ್ಯಹುದಿಕೇರಿಯ ಅನ್ಸಾರ್‌ನನ್ನು ಎಬ್ಬಿಸಿದೆ,
ಮೊಬೈಲ್ ಅಂಗಡಿಯವನು, ನಿದ್ದೆಗಣ್ಣಲ್ಲೂ ಮರ್ಯಾದಸ್ಥ.
"ಮೌಸ್ ಇಲ್ವಾ ಮೇಡಂ?"
ಇತ್ತು. ಅದರ ಬಾಲವನ್ನು ನಿಜವಾದ ಇಲಿ ಕಡಿದಿದೆ.
ನಗಬೇಡ.
"ನಗ್ಲಿಲ್ಲ. ಮೇಲಿನ ಸಾಲಿನ ಕೀ ಒಂದೊಂದೇ ಒತ್ತಿ."
ಒತ್ತಿದೆ. ಬೆಳಕು ಕುಗ್ಗಿತು, ಸದ್ದು ಹೆಚ್ಚಿತು,
ಒಂದು ವಿಮಾನ ಹಾರಿತು; ಅದನ್ನು ಮತ್ತೆ ಒತ್ತಿ ಇಳಿಸಿದೆ.
"ಹಾಗಾದ್ರೆ ಬಾಣದ ಆಸೆ ಬಿಡಿ. ಟ್ಯಾಬ್ ಉಂಟಲ್ಲ,
ನಡ್ಕೊಂಡೇ ಹೋಗುವ."

ನಡೆದೆವು. ಚೌಕದಿಂದ ಚೌಕಕ್ಕೆ,
ವಲಯ, ದಿನಾಂಕ, ಎಷ್ಟು ಆನೆ, ಮರಿ ಇದೆಯೇ,
ಗಿಡದಿಂದ ಗಿಡಕ್ಕೆ ಬಗ್ಗಿ ಸರಿಯುವ ಕೊಯ್ಲಿನವರ ಹಾಗೆ
ಒಂದನ್ನೂ ಬಿಡದೆ.
ಒಂದು ಒತ್ತು ಹೆಚ್ಚಾಗಿ 'ಕಳುಹಿಸು' ದಾಟಿ
'ಎಲ್ಲ ಅಳಿಸು' ಮೇಲೆ ಹೋಗಿ ನಿಂತಾಗ
ಎದೆ ಧಸಕ್ಕೆಂದಿತು.
ಶಿಫ್ಟ್ ಹಿಡಿದು ಒಂದು ಹೆಜ್ಜೆ ಹಿಂದೆ.
ಎಂಟರ್.

ಆರೂ ಎಂಟಕ್ಕೆ ನನ್ನದೇ ಫೋನು ಟಿಂಗ್ ಎಂದಿತು:
ಮಾಲ್ದಾರೆ ರಸ್ತೆ, ಐದು ಆನೆ, ಮರಿ ಇದೆ, ತಡೆದು ಹೊರಡಿ.
ನಾನೇ ಬರೆದದ್ದನ್ನು ಯಾರೋ ಹೇಳಿಕಳಿಸಿದಂತೆ ಓದಿದೆ.
ರೈಟರ್ ಪಳಂಗಪ್ಪ ಬರೀ ಒಂದು ಹೆಬ್ಬೆರಳು ಕಳಿಸಿದ.
ಜೀಪು ನಿಂತಿದೆ ಎಂದು ಅರ್ಥ.

ಹೀಟರು ಆರಿಸಿದೆ. ಕೋಣೆಯ ಕೆಂಪೆಲ್ಲ ಆರಿತು,
ಪ್ಯಾಡಿನ ಎಡಮೂಲೆಯಲ್ಲಿ ಒಂದು ಮಾತ್ರ ಆರಲಿಲ್ಲ.
ಸಾಸಿವೆಯಷ್ಟು ಚುಕ್ಕೆ, ಕಿತ್ತಳೆ ಬಣ್ಣ.
ಇಷ್ಟು ಹೊತ್ತೂ ಅದನ್ನು
ಹೀಟರಿನ ಹೊಳಪು ಅಂದುಕೊಂಡಿದ್ದೆ.
ಕೊಡಗಿನ ಕಿತ್ತಳೆಯೆಲ್ಲ ರೋಗ ಬಂದು ಹೋಯಿತು
ಅನ್ನುತ್ತಿದ್ದಳು ನಮ್ಮಜ್ಜಿ. ನೋಡು, ಇಲ್ಲೊಂದು ಉಳಿದಿದೆ.

"ಅಯ್ಯೋ, ಅದಾ!" ಅನ್ಸಾರ್ ಈಗ ಪೂರ್ತಿ ಎಚ್ಚರ.
"ಆ ಮೂಲೆಗೆ ಎರಡು ಸಲ ತಟ್ಟಿದ್ರೆ ಪ್ಯಾಡು ಮಲಗ್ತದೆ.
ಮತ್ತೆರಡು ತಟ್ಟಿ, ಏಳ್ತದೆ. ಯಾರೋ ತಟ್ಟಿದ್ದಾರೆ."

ಯಾರೋ.
ರಾತ್ರಿಯಿಡೀ ಕೋಣೆಯಲ್ಲಿ ನಾನೊಬ್ಬಳೇ.
ಚಾತಣ್ಣ ಮಾತು ನಿಲ್ಲಿಸಿ ಉಸಿರು ಹಿಡಿದಾಗಲೆಲ್ಲ
ಆ ಕಡೆ ಏನೋ ಲಟಕ್ಕೆಂದು ಮುರಿಯುತ್ತದೆ,
ಕೊಂಬೆಯೋ, ಬೇಲಿಯೋ, ಹೇಳಲು ಬಾರದ ಇನ್ನೊಂದೋ,
ಈ ಕಡೆ ನನ್ನ ಉಗುರು
ಟಕ್ ಟಕ್, ಟಕ್ ಟಕ್,
ಮೇಜು, ಲೋಟ, ಸಿಕ್ಕಿದ್ದರ ಮೇಲೆ.

ತಟ್ಟಿದೆ. ಚುಕ್ಕೆ ಆರಿತು.
ಬೆರಳು ಸರಿದತ್ತ ಬಾಣವೂ ಸರಿಯಿತು,
ಏನೂ ಆಗಿಲ್ಲವೆಂಬಂತೆ.

ಏಳು ಗಂಟೆಗೆ ಮತ್ತೆ ಫೋನು. ಮೊದಲು ಬರೀ ಉಸಿರು.
ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.
"ದಾಟಿದ್ವು," ಅಂದ ಚಾತಣ್ಣ.
"ಮರಿ ಸ್ವಲ್ಪ ಹಠ ಮಾಡ್ತು."