ಮೂಟೆ ಇಳಿಸುವ ಕಲ್ಲು

ನಾನು ಕಡಲು ಕಂಡವನಲ್ಲ.
ಹುಲಿಕಲ್ಲು ಘಟ್ಟದ ನೆತ್ತಿಯಲ್ಲಿ, ಈ ಸುಂಕದ ಕಟ್ಟೆಯ ಮೇಲೆ
ಮೂವತ್ತೆರಡು ವರ್ಷ ಕೂತವನು;
ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದಲ್ಲಿ
ಬಳಪ ಹಿಡಿದು ಎತ್ತು ಎಣಿಸಿದವನು.

ಮೊದಲ ವರ್ಷ ಕೆಳಗಿಂದ ಹತ್ತಿ ಬಂದದ್ದು
ಉಪ್ಪು, ಒಣಮೀನು. ಅಷ್ಟೆ.
ಹೇರೆತ್ತಿನ ಮುಂದಾಳು ದುಗ್ಗಣ್ಣನನ್ನು ಕೇಳಿದೆ,
ಏನಿದೆಯೋ ಅಲ್ಲಿ?
'ಏನಿದೆ ಸೇನಬೋವರೆ, ಹೊಳೆ ಇದೆ, ಮರಳ ದಿಬ್ಬ ಇದೆ,
ಆರು ಗುಡಿಸಲು, ಒಂದು ಮುದಿ ನಾಯಿ.'
ಗುಡಿಸಲು ಬರೆದುಕೊಂಡೆ.
ನಾಯಿಗೆ ಸುಂಕವಿಲ್ಲ, ಬಿಟ್ಟೆ.

ಇಳಿದದ್ದು ಮೆಣಸು.
ಕಾಡುಬಳ್ಳಿಯಿಂದ ಚೌಡಿ ಮತ್ತವಳ ಮಕ್ಕಳು ಉದುರಿಸಿ
ಬಂಡೆಯ ಮೇಲೆ ಒಣಗಿಸಿದ ಸುಕ್ಕು ಕಾಳು.
ಇಷ್ಟೊಂದು ಯಾರು ತಿನ್ನುತ್ತಾರಪ್ಪ, ಎಂದಳು ಒಮ್ಮೆ,
ಊರಿಗೆ ಊರೇ ನೆಗಡಿಯಾ ಅವರಿಗೆ?

ಆರನೆಯ ವರ್ಷ ಓಲೆಚೀಲದಲ್ಲಿ ಖರ್ಜೂರ ಬಂತು.
ಹಡಗು ನಿಲ್ಲುತ್ತಿದೆ ಎಂದುಕೊಂಡೆ.
ಬಾವಿ ತೋಡುವ ಒಡ್ಡರಿಗೆ ಕೆಳಗಿಂದ ಕರೆ ಬಂತು.
ನೀರು ಸಾಲುತ್ತಿಲ್ಲ, ಜನ ಸೇರಿದ್ದಾರೆ.
ಎಳ್ಳೆಣ್ಣೆ ಹನ್ನೆರಡು ಕೊಡ ಇಳಿಯುತ್ತಿದ್ದದ್ದು ನೂರಾಯಿತು.
ಆಮೇಲೆ ಒಂದು ದಿನ ಎರಡು ಎತ್ತಿನ ಹೇರು ಬರೀ ಬೀಗ.
ಕಳ್ಳರೂ ಬಂದರು ಅಂದಮೇಲೆ
ಅದು ಊರೇ ಸೈ.

ಹನ್ನೊಂದನೆಯ ವರ್ಷ ಕುದುರೆ.
ಕೊನೆಯ ತಿರುವಲ್ಲಿ ಕಾಲೂರಿ ನಿಂತೇಬಿಟ್ಟಿತು,
ಕಣ್ಣಲ್ಲಿನ್ನೂ ಅಲೆ ತೂಗುತ್ತಿತ್ತು.
ಜತೆಗೆ ಬಂದವನ ಹೆಸರು ಮೂರು ಸಲ ಕೇಳಿ
ಮೂರು ಬಗೆಯಾಗಿ ಬರೆದೆ:
ಖೋಜೆ ಶಮಸು, ಕೋಜ ಸಂಶ, ಕೋಜಿ ಚಮಸ.
ನಕ್ಕು, ಬಳಪ ಕಸಿದು, ಬಲದಿಂದ ಎಡಕ್ಕೆ
ತಾನೇ ಬರೆದ.
ನನ್ನ ಕಡತದಲ್ಲಿ ಅದೊಂದೇ ಸಾಲು
ಹಿಂದುಹಿಂದಕ್ಕೆ ನಡೆದದ್ದು.

ಹೋಗಿ ನೋಡಬಾರದಿತ್ತೇ, ಎನ್ನುತ್ತಾರೆ.
ಕಟ್ಟೆಯ ಹಿಂದಿನಿಂದಲೇ ವಾರಾಹಿ
ಸುಂಕ ಕೊಡದೆ ಇಳಿದು ಹೋಗುತ್ತಾಳೆ ಅಲ್ಲಿಗೆ.
ನನಗೆ ಪ್ರತಿ ವರ್ಷವೂ ಎಣಿಸುವುದಿತ್ತು.

ಇನ್ನೊಂದು ಮಾತು ಹೇಳಬೇಕು.
ಬಟ್ಟೆ ದುಬಾರಿ.
ಯುಗಾದಿಗೆ ಲೆಕ್ಕ ಒಪ್ಪಿಸಿ, ಖಜಾನೆಯವರು ತಲೆಯಾಡಿಸಿದ ಮೇಲೆ
ಒದ್ದೆ ಅರಿವೆಯಲ್ಲಿ ಒರೆಸಿ, ಅಂಟು ಕಾಯಿಸಿ,
ಮತ್ತೆ ಕಪ್ಪು ಬಳಿದು ಬಿಸಿಲಿಗೆ ಹಾಕುತ್ತಿದ್ದೆ.
ಆರು ಗುಡಿಸಲು ಒರೆಸಿದೆ. ಖರ್ಜೂರ ಒರೆಸಿದೆ.
ಬೀಗ, ಎಣ್ಣೆ, ಒಡ್ಡರ ಹನುಮ
ಬಾವಿಯೊಳಗೇ ಸತ್ತ ಸುದ್ದಿ.
ಖೋಜನ ಸಾಲಿಗೆ ಬಂದಾಗ ಕೈ ತಡೆಯಿತು.
ಒಂದು ವರ್ಷ ಉಳಿಸಿಕೊಂಡೆ.
ಮರುವರ್ಷ ಜಾಗ ಸಾಲಲಿಲ್ಲ.

ಮೊನ್ನೆ ಬಂದರಿನಿಂದ ಇಬ್ಬರು ಹಿರಿಯರು ಬಂದಿದ್ದರು,
ಜರಿಯ ಪೇಟ, ಪಲ್ಲಕ್ಕಿ.
ಊರಿನ ಹುಟ್ಟಿನ ಬಗ್ಗೆ ಕಲ್ಲು ಕೆತ್ತಿಸುತ್ತಾರಂತೆ.
ಮೊದಲು ನೆಲೆ ನಿಂತವನು ಇವನ ಅಜ್ಜನೋ ಅವನ ಅಜ್ಜನೋ
ಎಂದು ಜಗಳ.
'ನಿಮ್ಮ ಕಡತ ತೆಗೆಯಿರಿ.'
ಮಡಿಕೆ ಮಡಿಕೆಯಾಗಿ ಬಿಡಿಸಿ ತೋರಿಸಿದೆ:
ಈ ವರ್ಷದ ಮೆಣಸು, ನಾನೂರು ಹೇರು.
'ಅದಕ್ಕೂ ಹಿಂದಿನದು?'
ಬೆರಳಲ್ಲಿ ಕೆರೆದರು. ಉಗುರು ಕಪ್ಪಾಯಿತು.
ಮೊದಲಿಗೆ ಒಂದು ಮುದಿ ನಾಯಿ ಇತ್ತು, ಎಂದೆ.
ಅವರಿಗೆ ಹಿಡಿಸಲಿಲ್ಲ.

ಪಲ್ಲಕ್ಕಿ ತಿರುವು ಇಳಿದ ಮೇಲೆ ನೋಡಿದರೆ
ಮೂಟೆ ಇಳಿಸುವ ಕಲ್ಲಿನ ಬಳಿ
ದುಗ್ಗಣ್ಣನ ಮೊಮ್ಮಗನ ಬಿಳಿ ಎತ್ತು
ನಾಲಿಗೆ ಚಾಚಿ ನಿಂತಿದೆ.
ಅಷ್ಟು ವರ್ಷ ಉಪ್ಪು ಸೋರಿ, ಎತ್ತು ನೆಕ್ಕಿ
ಕಲ್ಲಿನ ನಡು ಅಂಗೈಯಷ್ಟು ಗುಳಿ ಬಿದ್ದಿದೆ.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು
ನಾನೂ ಬೆರಳೊತ್ತಿ
ಬಾಯಿಗಿಟ್ಟೆ.