ಮೊಳೆ ತಾಗಿದ ಭಾನುವಾರ

ಮಂಡಿ ಮೊಹಲ್ಲಾದಲ್ಲಿ ಮೂವತ್ತೊಂದು ವರ್ಷ
ಹೊಲಿಗೆ ಯಂತ್ರಗಳ ಹೊಟ್ಟೆ ಬಿಚ್ಚಿಕೊಂಡು ಕೂತವನು ನಾನು.
ಬಾಬಿನ್ನಿನ ಸಿಕ್ಕು, ಸವೆದ ಹಲ್ಲುಪಟ್ಟಿ, ಬೆಲ್ಟಿನ ಮುನಿಸು
ಎಲ್ಲ ಕಿವಿಯಲ್ಲೇ ತಿಳಿಯುತ್ತಿತ್ತು.
ಈಗ ಭಾನುವಾರ ಬಂತೆಂದರೆ
ಮೊಪೆಡ್ಡಿನ ಮುಂದೆ ಗೋಣಿ ಸುತ್ತಿದ ಗರಗಸ ಮಲಗಿಸಿ
ಅರಕೆರೆಯ ಇಪ್ಪತ್ತಾರು ಗುಂಟೆಗೆ ಹೊರಡುತ್ತೇನೆ.

‘ಕೂಡಿಸೋ ಮಿಷಿನ್ನಿಂದ ಕೊಯ್ಯೋ ಮಿಷಿನ್ನಿಗೆ ಬಡ್ತಿ’
ಎಂದು ನಗುತ್ತಾಳೆ ಶಮೀಮ್.
ಪೆಟ್ರೋಲು, ಎಣ್ಣೆ, ಚೈನು, ದುಂಡು ಅರ,
ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಬರೆದಿದ್ದಾಳೆ:
ನಿಮ್ಮ ಒಂದು ಹೊರೆ ಸೌದೆಗೆ ಮುಕ್ಕಾಲು ಸಿಲಿಂಡರ್.
ನಾನು ವಾದಿಸುವುದಿಲ್ಲ.
ಹುಣಸೆ ಕೆಂಡದ ಮೇಲೆ ದಮ್ ಕೂತ ಹಂಡಿಯ
ಮುಚ್ಚಳ ತೆಗೆದ ದಿನ
ಅವಳೂ ವಾದಿಸುವುದಿಲ್ಲ.

ಲೀಟರಿಗೆ ಇಪ್ಪತ್ತೈದು ಎಂಎಲ್ ಎಣ್ಣೆ.
ಹೆಚ್ಚಾದರೆ ಹೊಗೆ, ಕಮ್ಮಿಯಾದರೆ ಪಿಸ್ಟನ್ನಿಗೆ ಗೀರು.
ಚೋಕ್ ಎಳೆ. ಬಲಗಾಲಲ್ಲಿ ಹಿಡಿಕೆ ಮೆಟ್ಟು.
ಹಗ್ಗ ಎಳೆ. ಒಂದು. ಎರಡು.
ಮೂರಕ್ಕೆ ನಮ್ಮ ಮಾವನ ಹಾಗೆ ಕೆಮ್ಮುತ್ತದೆ,
ನಾಲ್ಕಕ್ಕೆ ಊರಿಗೆಲ್ಲ ಕೇಳುವಂತೆ ಮಾತಿಗಿಳಿಯುತ್ತದೆ.
ನಾಲೆಯ ಏರಿಯಿಂದ ಕೊಕ್ಕರೆಗಳು ಎದ್ದು ಹೋಗುತ್ತವೆ.

ಮೂರು ವರ್ಷ ಒಣಗುತ್ತ ನಿಂತಿದ್ದ ಹುಣಸೆ
ಹೋದ ತಿಂಗಳು ತಾನಾಗಿಯೇ ಮಲಗಿತ್ತು.
ಚೈನು ಹರಿತವಿದ್ದರೆ ಅವಲಕ್ಕಿ ಉದುರುತ್ತದೆ,
ಮೊಂಡಾದರೆ ಹಿಟ್ಟು.
ಇದನ್ನು ಯಾರೂ ಹೇಳಿಕೊಡಲಿಲ್ಲ,
ಪ್ಯಾಂಟಿನ ಮಡಿಕೆ ಕೊಡವಿದಾಗ ಕಂಡಿದ್ದು.
ಆ ದಿನ ಹನ್ನೊಂದರವರೆಗೂ ಅವಲಕ್ಕಿ.
ಆಮೇಲೆ ಕಿಡಿ.

ಒಂದೇ ಚೀರು. ಹಿಡಿಕೆ ಕೈಯಲ್ಲಿ ಒದರಿ ಹಿಂದಕ್ಕೆ ಹಾರಿತು,
ಬ್ರೇಕು ಬಿತ್ತು, ಎಲ್ಲ ನಿಂತಿತು,
ನನ್ನ ಮೊಣಕಾಲು ಮಾತ್ರ ಇನ್ನೂ ಚಾಲ್ತಿಯಲ್ಲಿತ್ತು.
ಬಗ್ಗಿ ನೋಡಿದೆ: ತೊಗಟೆಯಿಂದ ನಾಲ್ಕು ಬೆರಳು ಒಳಗೆ
ಗಾಡಿ ಕಬ್ಬಿಣದಂಥ ಒಂದು ಮೊಳೆ,
ಸುತ್ತ ಶಾಯಿ ಚೆಲ್ಲಿದಂತೆ ನೀಲಿ ಕಲೆ.
ಏಳು ಹಲ್ಲು ಹೋಗಿದ್ದವು.

ಬದುವಿನ ಮೇಲೆ ಕುರಿ ಹಿಡಿದು ನಿಂತಿದ್ದ ಚಿಕ್ಕತಾಯಮ್ಮ
‘ಏನಾಯ್ತು ಮಿಷಿನ್ ಸಾಬ್ರೆ?’
‘ಮೊಳೆ.’
‘ಎಷ್ಟೆತ್ರದಾಗೆ?’
ಮಲಗಿದ ಮರಕ್ಕೆ ಎತ್ತರ ಎಲ್ಲಿಯದು?
ಬುಡದಿಂದ ಅಳೆದೆ. ಮೂರೂವರೆ ಮೊಳ.
ಅವಳ ಕೈ ಅವಳ ಹಣೆಗೇ ಹೋಯಿತು.
‘ನಮ್ಮತ್ತೆ.’

ಸತ್ತ ಮೇಲೂ ರಾತ್ರಿಯೆಲ್ಲ ಒರಳು ಕುಟ್ಟುತ್ತಿದ್ದಳಂತೆ.
ಕೊಳ್ಳೇಗಾಲದ ಕಡೆಯವನೊಬ್ಬ ಬಂದು
ಒಂದು ಹುಂಜ, ಇಪ್ಪತ್ತು ರೂಪಾಯಿ ತಕ್ಕೊಂಡು
ಇಲ್ಲಿ ಹೊಡೆದು ಹೋದನಂತೆ: ಮರ ಇರೋಗಂಟ ಇವಳಿಲ್ಲೇ.
‘ಈಗ ನೀವ್ ಬುಟ್ಬುಟ್ರಲ್ಲ!’

ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು.
ಇದಕ್ಕೆ ಏನು ಹೇಳಲಿ? ಹೆಲ್ಮೆಟ್ ತೆಗೆದು ನಿಂತೆ,
ನನ್ನ ಬೆವರೇ ನನಗೆ ಸಾವಿನ ಮನೆಯಂತೆ ನಾರಿತು.
ಮರದಲ್ಲಿ ವರ್ಷ ಎಣಿಸೋಣವೆಂದರೆ
ಹುಣಸೆ ತನ್ನ ವಯಸ್ಸು ಬಿಟ್ಟುಕೊಡುವುದಿಲ್ಲ.
ಅವಳು ಆ ನೀಲಿಗೆ ಬೆರಳಿಟ್ಟಳು, ಮೂಸಿದಳು,
ಕುರಿ ಅವಳ ಸೆರಗು ಜಗಿಯುತ್ತಿತ್ತು.

‘ಹೋಗ್ಲಿ ಬುಡಿ. ಆಗ ಅವಳಿಗೆಷ್ಟೋ
ಈಗ ನಂಗೂ ಅಷ್ಟೇ.
ಬಂದ್ರೆ ಬರ್ಲಿ, ಒರಳಂತೂ ಮಾರಾಗದೆ.
ಮಿಕ್ಸಿ ತೋರಿಸ್ತೀನಿ.’

ಮಿಕ್ಕ ಕೊರಡುಗಳನ್ನು ಲಾರಿ ಜಾಕಿನ ನನ್ನ ಸೀಳುಯಂತ್ರಕ್ಕೆ ಕೊಟ್ಟೆ.
ಜಾಕು ಒತ್ತುತ್ತ ಹೋದಂತೆ ಹುಣಸೆ ಮೊದಲು ಮುಲುಕುತ್ತದೆ,
ಆಮೇಲೆ ಸಿಡಿಯುತ್ತದೆ, ಒಳಗೆ ಚಾಕೊಲೇಟು ಬಣ್ಣ.
ಮೊಳೆಯ ಬಿಲ್ಲೆಯನ್ನು ಮಾತ್ರ ಅವಳು ಕಾಲಲ್ಲಿ ಉರುಳಿಸಿಕೊಂಡು
ತನ್ನ ಹೊಲಕ್ಕೆ ದಾಟಿಸಿದಳು.
ಕೂರಲಿಕ್ಕೋ, ಕಾವಲಿಗೋ,
ನಾನು ಕೇಳಲಿಲ್ಲ.

ಸಂಜೆ ಅರ ಹಿಡಿದು ಕೂತೆ.
ಒಂದು ಹಲ್ಲಿಗೆ ಮೂರು ತೀಡು, ಒಂದೇ ದಿಕ್ಕು,
ಮುರಿದವಕ್ಕೆ ಎಂಟು, ಹತ್ತು.
ನನ್ನ ಕಸುಬಿನಲ್ಲಿ ಮೊಂಡು ಸೂಜಿ ನೇರ ಡಬ್ಬಿಗೆ.
ಇಲ್ಲಿ ಹಾಗಲ್ಲ. ಹಲ್ಲಿನ ನೆತ್ತಿಯ ಮೇಲೆ
ಸಣ್ಣದೊಂದು ಗೆರೆ ಕೊರೆದಿರುತ್ತಾರೆ,
ಅಲ್ಲಿಯವರೆಗೂ ತೀಡಬಹುದು.
ಕನ್ನಡಕ ಒರೆಸಿ, ದೀಪಕ್ಕೆ ಹಿಡಿದು ನೋಡಿದೆ.
ಇನ್ನೂ ಗೆರೆ ಮುಟ್ಟಿಲ್ಲ.